ಸ್ಟೈವೆಸಂಟ್ ಬೀದಿಯ ಶಾಲೆಯ ಚರಿತ್ರೆ ಬರೆದ ಅನುಭವ

ಕರ್ನಾಟಕದಲ್ಲಿ ಐ.ಟಿ.ಐ. ಫಿಟ್ಟರ್ ತರಬೇತಿ ಮುಗಿಸಿ, ನ್ಯೂಯಾರ್ಕಿನಲ್ಲಿ ಹೊಸದಾಗಿ ವಲಸೆ ಬಂದ ಹುಡುಗರಿಗೆ ವರ್ಕ್‌ಶಾಪ್ ಕಲಿಸುತ್ತಿದ್ದ ನನಗೆ, ಅದೇ ನಗರದಲ್ಲಿ 1884ರಿಂದ 1939ರವರೆಗೆ ಯಹೂದಿ ವಲಸಿಗರ ಹುಡುಗರಿಗೆ ಕಸುಬು ಕಲಿಸಿದ, ಮುಂದೆ ಸ್ಟೈವೆಸಂಟ್ ಬೀದಿಯಲ್ಲಿ ನೆಲೆಸಿದ ಹೀಬ್ರೂ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಚರಿತ್ರೆಯನ್ನು ಬರೆಯಬೇಕೆನ್ನಿಸಿತು. ಇಂಗ್ಲಿಷ್ ಬಾರದ ಹುಡುಗನಿಗೆ ಕಸುಬನ್ನು ಹೇಗೆ ಕಲಿಸಬೇಕೆಂಬ ನನ್ನ ದಿನನಿತ್ಯದ ಕಷ್ಟವನ್ನು ಆ ಶಾಲೆಯವರು ನೂರು ವರ್ಷಗಳ ಹಿಂದೆಯೇ ಎದುರಿಸಿದ್ದರು.

ಹಿನ್ನೆಲೆಯನ್ನು ಕಟ್ಟಿಕೊಳ್ಳುವುದು ಅಷ್ಟು ಕಷ್ಟವಾಗಲಿಲ್ಲ. 1881ರಲ್ಲಿ ರಷ್ಯಾದ ದೊರೆ ಎರಡನೆಯ ಅಲೆಕ್ಸಾಂಡರನ ಹತ್ಯೆಯಾದ ಬಳಿಕ ಯಹೂದಿಗಳ ಮೇಲೆ ದಾಳಿಗಳು ನಡೆದವು. ಮನೆಮಠ ಕಳೆದುಕೊಂಡ ಕುಟುಂಬಗಳು ನ್ಯೂಯಾರ್ಕಿಗೆ ಬಂದಿಳಿದವು. ಮುಂದೆ ಸ್ವಾತಂತ್ರ್ಯ ಪ್ರತಿಮೆಯ ಪೀಠದಲ್ಲಿ ಯಾರ ಕವಿತೆಯನ್ನು ಕೆತ್ತಿಸಲಾಯಿತೋ ಆ ಎಮ್ಮಾ ಲಾಜರಸ್ ಅವರು ವಾರ್ಡ್ಸ್ ದ್ವೀಪದಲ್ಲಿದ್ದ ನಿರಾಶ್ರಿತರನ್ನು ಕಣ್ಣಾರೆ ಕಂಡು, ಇವರ ಮಕ್ಕಳಿಗೆ ಕೈಕಸುಬಿನ ಶಿಕ್ಷಣ ಬೇಕೆಂದು 1882–83ರಲ್ಲಿ ಪತ್ರಿಕೆಯಲ್ಲಿ ಪಟ್ಟುಹಿಡಿದು ಬರೆದರು. ಮೂರು ಯಹೂದಿ ದತ್ತಿಸಂಸ್ಥೆಗಳು ಸೇರಿ 1884ರ ಜನವರಿಯಲ್ಲಿ ಶಾಲೆಯನ್ನು ತೆರೆದವು. ಹೆನ್ರಿ ಲೈಪ್‌ಜಿಗರ್ ಅದರ ಮೊದಲ ಮುಖ್ಯಸ್ಥರಾದರು.

ನನ್ನ ಮೊದಲ ಕರಡು ಮಾತ್ರ ಪೂರ್ತಿ ಕೆಟ್ಟಿತು. ಹುಡುಗರ ಈ ಶಾಲೆ, ಹೆಣ್ಣುಮಕ್ಕಳ ಹೀಬ್ರೂ ಟೆಕ್ನಿಕಲ್ ಸ್ಕೂಲು, ಯಹೂದಿ ವಲಸಿಗರಿಗೆ ನೆರವಾಗುತ್ತಿದ್ದ ಬ್ಯಾರನ್ ಡಿ ಹಿರ್ಶ್ ನಿಧಿಯ ಕಸುಬು ಶಾಲೆ ಎಂಬ ಮೂರನ್ನೂ ನಾನು ಒಂದೇ ಎಂದು ಬೆರೆಸಿಬಿಟ್ಟಿದ್ದೆ. ಹಿರ್ಶ್ ನಿಧಿ ಸ್ಥಾಪನೆಯಾದದ್ದೇ 1891ರಲ್ಲಿ. ಅಲ್ಲಿನ ತರಬೇತಿ ಕೆಲವೇ ತಿಂಗಳುಗಳದ್ದಾದರೆ ಇನ್‌ಸ್ಟಿಟ್ಯೂಟಿನದು ವರ್ಷಗಳದ್ದು. ಕೊನೆಗೆ ಒಂದೊಂದು ಶಾಲೆಗೆ ಒಂದೊಂದರಂತೆ ಮೂರು ಹಾಳೆಗಳಲ್ಲಿ ಗೆರೆ ಎಳೆದು, ಇಸವಿ, ವಿಳಾಸ, ಕಲಿಕೆಯ ಅವಧಿಗಳನ್ನು ಪೆನ್ಸಿಲಿನಲ್ಲಿ ತುಂಬತೊಡಗಿದೆ. ಎರಡು ಕಡೆ ತಾಳೆಯಾದ ಸಂಗತಿಯನ್ನು ಮಾತ್ರ ಪೆನ್ನಿನಲ್ಲಿ ತಿದ್ದಿದೆ. ಶಾಲೆ ಮೊದಲಿನಿಂದಲೂ ಸ್ಟೈವೆಸಂಟ್ ಬೀದಿಯಲ್ಲೇ ಇತ್ತೆಂಬ ನನ್ನ ಊಹೆಯೂ ಆಗಲೇ ಸುಳ್ಳಾಯಿತು. ಅದು ಅಲ್ಲಿಗೆ ಬಂದದ್ದು ಬೇರೆ ಕಟ್ಟಡಗಳಲ್ಲಿ ನಡೆದ ಮೇಲೆ.

ಯಾವುದಕ್ಕೆ ಹೆಚ್ಚು ಪುಟ ಕೊಡಬೇಕೆಂಬುದನ್ನು ನನಗೆ ತಿಳಿಸಿಕೊಟ್ಟದ್ದು ನನ್ನದೇ ವರ್ಕ್‌ಶಾಪು. ಹಿಂದಿನ ವಾರವಷ್ಟೇ ವಿಮಾನದಿಂದ ಇಳಿದಿದ್ದ ಒಬ್ಬ ಹುಡುಗ ವೈಸಿನ ಹಿಡಿತಕ್ಕೆ ಮೆದು ಉಕ್ಕಿನ ಚಪ್ಪಟೆ ಪಟ್ಟಿಯನ್ನು (ಎಂ.ಎಸ್. ಫ್ಲಾಟ್) ಕಟ್ಟಿ ಅರದಿಂದ ಉಜ್ಜುತ್ತಿದ್ದ. ನಾನು ಹೇಳಿದ ಒಂದು ಮಾತೂ ಅವನಿಗೆ ತಿಳಿಯುತ್ತಿರಲಿಲ್ಲ. ಆ ಪಟ್ಟಿಯ ಮೇಲೆ ಮೂಲೆಮಟ್ಟ ನೋಡುವ ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಕಡೆ ಎತ್ತಿ ಹಿಡಿದೆ. ಅಂಚಿನ ಸಂದಿಯಿಂದ ಬೆಳಕು ಕೂದಲೆಳೆಯಷ್ಟು ತೂರಿಬಂತು. ಅವನು ಡ್ರಾಯಿಂಗನ್ನೊಮ್ಮೆ, ಆ ಬೆಳಕನ್ನೊಮ್ಮೆ ನೋಡಿ, ಉಬ್ಬಿದ್ದ ಜಾಗಕ್ಕೆ ಮಾತ್ರ ಅರ ಹಾಕಿದ. ಆ ಮೇಲೆ ಇನ್‌ಸ್ಟಿಟ್ಯೂಟಿನ ಪಾಠಕ್ರಮವನ್ನು ಮತ್ತೆ ತೆರೆದಾಗ, ಮರಗೆಲಸ ಮತ್ತು ಲೋಹದ ಕೆಲಸದ ಜೊತೆಗೆ ಯಂತ್ರಚಿತ್ರ ರಚನೆಗೆ ಅಲ್ಲಿ ಅಷ್ಟು ಮಹತ್ವವಿದ್ದದ್ದು ಏಕೆಂದು ನನಗೆ ಹೊಳೆಯಿತು. ಪೂರ್ವ ಯುರೋಪಿನ ಯಹೂದಿಗಳ ನುಡಿಯಾದ ಯಿದ್ದಿಷ್ ಮಾತ್ರ ಬಲ್ಲ ಹುಡುಗನೂ ಡ್ರಾಯಿಂಗನ್ನು ಓದಬಲ್ಲ. ದಾನಿಗಳ ವಿಚಾರವನ್ನು ಹಿಂದಕ್ಕೆ ಸರಿಸಿ, ಡ್ರಾಯಿಂಗ್ ತರಗತಿಯಿಂದಲೇ ಚರಿತ್ರೆಯನ್ನು ಆರಂಭಿಸಿದೆ.

ಶಾಲೆ ಮುಚ್ಚಿದ ಅಧ್ಯಾಯವನ್ನು ಹಣದ ಕೊರತೆಯೊಂದರಿಂದಲೇ ವಿವರಿಸಲು ನನ್ನ ಮನಸ್ಸು ಒಪ್ಪಲಿಲ್ಲ. 1904ರಲ್ಲಿ ನಗರಾಡಳಿತವೇ ಸ್ಟೈವೆಸಂಟ್ ಹೈಸ್ಕೂಲನ್ನು ಕೈಕಸುಬಿನ ಶಾಲೆಯಾಗಿ ಅದೇ ಸೀಮೆಯಲ್ಲಿ ತೆರೆದಿತ್ತು. 1917ರ ಸ್ಮಿತ್-ಹ್ಯೂಸ್ ಕಾಯಿದೆಯಿಂದ ವೃತ್ತಿಶಿಕ್ಷಣಕ್ಕೆ ಒಕ್ಕೂಟ ಸರ್ಕಾರದ ಹಣ ಬರತೊಡಗಿತು. 1924ರ ವಲಸೆ ಕಾಯಿದೆ ಪೂರ್ವ ಯುರೋಪಿನ ವಲಸೆಯನ್ನು ಬಹುಮಟ್ಟಿಗೆ ನಿಲ್ಲಿಸಿತು. ಯಾರಿಗಾಗಿ ಶಾಲೆ ಹುಟ್ಟಿತ್ತೋ ಅವರು ಬರುವುದೇ ಕಡಿಮೆಯಾಯಿತು ಎಂಬುದು ನನ್ನ ತೀರ್ಮಾನ.

ಹೆಣ್ಣುಮಕ್ಕಳ ಶಾಲೆಗಾಗಿ ಸೆಕೆಂಡ್ ಅವೆನ್ಯೂ ಮತ್ತು 15ನೆಯ ಬೀದಿ ಕೂಡುವಲ್ಲಿ ಕಟ್ಟಿದ ಕಟ್ಟಡವನ್ನು ಕೊನೆಯಲ್ಲಿ ನೋಡಲು ಹೋದೆ. ಅದರಲ್ಲಿ ಹಗಲೂ ರಾತ್ರಿಯೂ ಪಾಠ ನಡೆಸುವ ಸರ್ಕಾರಿ ಹೈಸ್ಕೂಲು ಬಂದಿದ್ದು, ವಯಸ್ಸು ಮೀರಿ ಈ ದೇಶಕ್ಕೆ ಬಂದ ಹುಡುಗ ಹುಡುಗಿಯರು ಅಲ್ಲಿ ಓದುತ್ತಾರೆ. ಮನೆಗೆ ಮರಳಿ ಹೆಣ್ಣುಮಕ್ಕಳ ಶಾಲೆಯ ಹಾಳೆಯಲ್ಲಿ ಅದನ್ನೊಂದು ಹೊಸ ಸಾಲಾಗಿ ಪೆನ್ನಿನಲ್ಲಿ ಬರೆದುಕೊಂಡೆ.