ಮುಚ್ಚಬಹುದು, ಆದರೆ ಮುಚ್ಚಬೇಕಾ?

"ಹಾರ್ಟಲ್ಲಿ ತೂತು" ಅಂದ ತಕ್ಷಣ ಅಪ್ಪ-ಅಮ್ಮ ಕೇಳುವುದು ಒಂದೇ ಪ್ರಶ್ನೆ: "ಡಾಕ್ಟ್ರೇ, ಎದೆ ಕುಯ್ಯಬೇಕಾ?" ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಹೆಚ್ಚಿನವರಿಗೆ ಹೌದು ಅನ್ನುತ್ತಿದ್ದೆವು. ಈಗ ಪಿಡಿಎ (ಮೈಗೆ ಹೋಗುವ ಮತ್ತು ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳಗಳ ನಡುವೆ, ಹುಟ್ಟಿದ ಮೇಲೂ ಮುಚ್ಚದೆ ಉಳಿದ ದಾರಿ) ಆಗಿದ್ದರೆ, ಅಥವಾ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಅಂಚು ಗಟ್ಟಿ ಇರುವ ತೂತು, ಅಂದರೆ ಎಎಸ್‌ಡಿ ಆಗಿದ್ದರೆ, ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದಿಂದಲೇ ತೂತು ಮುಚ್ಚುವ ಬಿರಡೆಯಂಥ ಡಿವೈಸ್ ಹಾಕಿ ಮುಗಿಸುತ್ತೇವೆ. ಶ್ವಾಸಕೋಶಕ್ಕೆ ಹೋಗುವ ದಾರಿಯ ಪಲ್ಮನರಿ ವಾಲ್ವ್ ಬಿಗಿಯಾಗಿದ್ದರಂತೂ ಬಲೂನ್ ಉಬ್ಬಿಸಿ ಬಿಡಿಸುವುದೇ ಮೊದಲ ಮದ್ದು. ಅದು 1982ರಿಂದಲೂ ಇದೆ.

ದೇಶದಲ್ಲಿ ಹೀಗೆ ಎದೆ ಕುಯ್ಯದೆ ಮುಚ್ಚುವುದು ಜಾಸ್ತಿಯಾಗಲು ಡಿವೈಸ್ ಅನ್ನುವುದು ಇದೆ ಎಂಬುದೊಂದೇ ಕಾರಣ ಅಲ್ಲ. ಚೀನಾದಲ್ಲಿ ತಯಾರಾದ ಅಗ್ಗದ ಡಿವೈಸ್‌ಗಳು ಬಂದವು. ಸರ್ಕಾರದ ಕಾರ್ಡಿನಲ್ಲಿ ಖರ್ಚು ಸಿಗುವ ಹಾಗಾಯಿತು. 2013ರಲ್ಲಿ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆ ಶುರುವಾದ ಮೇಲೆ ಅಂಗನವಾಡಿ, ಶಾಲೆಗಳಲ್ಲೇ ಮಕ್ಕಳ ಎದೆಗೆ ಸ್ಟೆತಾಸ್ಕೋಪ್ ಇಡತೊಡಗಿದರು. ಆದರೂ ನಮ್ಮಲ್ಲಿ ತಡವಾಗಿ ಬರುವವರು ಇನ್ನೂ ಇದ್ದಾರೆ. ಅಷ್ಟರಲ್ಲಿ ಶ್ವಾಸಕೋಶದ ನಾಳಗಳ ಒತ್ತಡ ಏರಿಬಿಟ್ಟಿರಬಹುದು. ನನ್ನ ತಲೆ ಬಿಸಿ ಮಾಡುವುದು ಅವರೇ.

ಹೆರಿಗೆಯಾದ ಮೇಲೆ ಸುಸ್ತು ಅಂತ ಬಂದ ಒಬ್ಬ ಹೆಣ್ಣುಮಗಳು. ದೊಡ್ಡ ಪಿಡಿಎ. ಕೈಬೆರಳಿಗೆ ಕ್ಲಿಪ್ ಹಾಕಿದರೆ ಆಕ್ಸಿಜನ್ 97, ಕಾಲ್ಬೆರಳಿಗೆ ಹಾಕಿದರೆ 92. ಅಂದರೆ ಶ್ವಾಸಕೋಶದ ಕಡೆಯ ಕೆಟ್ಟ ರಕ್ತ ಆಗಲೇ ಸ್ವಲ್ಪ ಕೆಳಗಿನ ಮೈಗೆ ನುಗ್ಗುತ್ತಿದೆ. ಕ್ಯಾತ್ ಲ್ಯಾಬಿನಲ್ಲಿ ಒಂದು ಕ್ಯಾತಿಟರ್ (ಸಣ್ಣ ನಳಿಕೆ) ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಆರ್ಟರಿಯಲ್ಲಿ, ಇನ್ನೊಂದು ಮೈಗೆ ರಕ್ತ ಒಯ್ಯುವ ಅಯೋರ್ಟಾದಲ್ಲಿ ಇಟ್ಟೆವು. ಪರದೆಯ ಮೇಲೆ ಒತ್ತಡದ ಎರಡು ಗೆರೆಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿದ್ದವು.

ಇಂಥ ಕಡೆ ಮಾಮೂಲಿ ಪಿಡಿಎ ಡಿವೈಸನ್ನು ನಾನು ನಂಬುವುದಿಲ್ಲ. ಅದಕ್ಕೆ ಅಗಲದ ಡಿಸ್ಕ್ ಇರುವುದು ಅಯೋರ್ಟಾದ ಕಡೆ ಮಾತ್ರ. ಪಲ್ಮನರಿ ಕಡೆಯ ಒತ್ತಡ ಜಾಸ್ತಿ ಇದ್ದರೆ ಅದನ್ನು ಆಚೆಗೆ ತಳ್ಳಿಬಿಡಬಹುದು. ಹಾಗಾಗಿ ಎರಡೂ ಕಡೆ ಡಿಸ್ಕ್ ಇರುವ, ಹೃದಯದ ಕೆಳಗಿನ ಕೋಣೆಗಳ ನಡುವಿನ ತೂತಿಗೆಂದು ಮಾಡಿದ ವಿಎಸ್‌ಡಿ ಡಿವೈಸ್ ತೆಗೆದುಕೊಂಡೆವು. ಕೂರಿಸಿದೆವು, ಕೇಬಲ್ ಮಾತ್ರ ಬಿಚ್ಚಲಿಲ್ಲ. ಕೇಬಲ್ ತಿರುಗಿಸಿ ಬಿಚ್ಚುವವರೆಗೆ ಡಿವೈಸನ್ನು ವಾಪಸ್ ಎಳೆದುಕೊಳ್ಳಬಹುದು. ಆಮೇಲೆ ಸುಮ್ನೆ ಕಾಯುವ ಕೆಲಸ. ಪಲ್ಮನರಿ ಗೆರೆ ನಿಧಾನಕ್ಕೆ ಕೆಳಗಿಳಿಯಿತು, ಅಯೋರ್ಟಾದ್ದು ಇದ್ದಲ್ಲೇ ಇತ್ತು. ಆಗಲೇ ಬಿಚ್ಚಿದ್ದು. ಶ್ವಾಸಕೋಶದ ಒತ್ತಡ ಕಡಿಮೆ ಮಾಡುವ ಮಾತ್ರೆ ಆಕೆಗೆ ಮುಂದುವರಿದಿದೆ.

ಗೆರೆ ಇಳಿಯದ ಕೇಸೂ ಇರುತ್ತದೆ. ಒಬ್ಬ ಹುಡುಗನಿಗೆ ಹೀಗೇ ಕಾದು ನೋಡಿ, ಡಿವೈಸನ್ನು ಮಡಚಿ ಹೊರಗೆಳೆದುಬಿಟ್ಟೆವು. ಅವನಪ್ಪನಿಗೆ ಸಿಟ್ಟು ಬಂತು: "ಹಾಕಿದ್ದನ್ನ ಯಾಕೆ ಸಾರ್ ತೆಗೆದ್ರಿ? ದುಡ್ಡಿನ ತೊಂದ್ರೆನಾ?" ಶ್ವಾಸಕೋಶದ ನಾಳಗಳೇ ಗಟ್ಟಿಯಾಗಿರುವಾಗ ಆ ತೂತು ಮುಚ್ಚುವುದು, ಕುಕ್ಕರಿನ ವೆಯ್ಟ್ ಮೇಲೇಳದ ಹಾಗೆ ಕಟ್ಟಿಹಾಕಿದಂತೆ ಅಂತ ಹೇಳಿದೆ. ಬಲಗಡೆಯ ಹೃದಯ ಆ ಒತ್ತಡ ತಾಳುವುದಿಲ್ಲ. ಅವರಿಗೆ ಅರ್ಧ ಒಪ್ಪಿಗೆಯಾಯಿತು ಅನಿಸುತ್ತೆ. ಹುಡುಗ ಮಾತ್ರೆಯ ಮೇಲಿದ್ದಾನೆ, ಫಾಲೋಅಪ್‌ಗೆ ಬರುತ್ತಾನೆ.

ವರ್ಷಕ್ಕೆ ಎಷ್ಟು ಡಿವೈಸ್ ಹಾಕಿದಿರಿ ಅಂತ ಮೀಟಿಂಗುಗಳಲ್ಲಿ ಕೇಳುತ್ತಾರೆ. ಎಷ್ಟು ವಾಪಸ್ ತೆಗೆದಿರಿ ಅಂತಲೂ ಕೇಳಬೇಕು, ಅಲ್ವಾ? ತಾಲ್ಲೂಕು ಆಸ್ಪತ್ರೆಯ ಗೆಳೆಯರಿಗೆ ಒಂದು ಕೋರಿಕೆ: ಪಿಡಿಎ ಅನುಮಾನ ಇದ್ದರೆ ಕ್ಲಿಪ್ಪನ್ನು ಕಾಲ್ಬೆರಳಿಗೂ ಹಾಕಿ, ಎರಡೂ ಅಂಕಿಗಳನ್ನು ರೆಫರಲ್ ಚೀಟಿಯಲ್ಲಿ ಬರೆದು ಕಳಿಸಿ.