ಲೈಟ್ ರೈಲು ಬಂತು, ಬಸ್ ರೂಟ್ ಬದಲಿಸುವುದು ಹೇಗೆ?

ಹೊಸ ಲೈಟ್ ರೈಲು (ಊರೊಳಗೆ, ಹಲವು ಕಡೆ ರಸ್ತೆಯ ನಡುವೆಯೇ ಓಡುವ ಚಿಕ್ಕ ರೈಲು) ಶುರುವಾದ ಊರುಗಳಲ್ಲಿ ಬಸ್ಸಿನ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಎಡವಟ್ಟು ಆಗುತ್ತವೆ. ಒಂದೋ, ಹಳೆ ಬಸ್‌ಗಳೆಲ್ಲ ರೈಲಿನ ಪಕ್ಕದಲ್ಲೇ ಮೊದಲಿನಂತೆ ಓಡುತ್ತವೆ, ಎರಡೂ ಅರ್ಧ ಖಾಲಿ. ಇಲ್ಲವೇ, ಬಸ್‌ಗಳನ್ನೆಲ್ಲ ನಿಲ್ದಾಣದ ಮುಂದೆ ಕತ್ತರಿಸಿ ‘ಇಲ್ಲಿ ಇಳಿದು ರೈಲು ಹತ್ತಿ’ ಎಂದು ಬೋರ್ಡ್ ಹಾಕುತ್ತಾರೆ. ಬೈಗುಳ ಜಾಸ್ತಿ ಬೀಳುವುದು ಎರಡನೆಯದಕ್ಕೆ. ಸೀಟು ಹಿಡಿದು ನೇರವಾಗಿ ಹೋಗುತ್ತಿದ್ದವರು ಈಗ ನಡುವೆ ಇಳಿಯಬೇಕು, ನಡೆಯಬೇಕು, ಮತ್ತೆ ಕಾಯಬೇಕು. ಇಷ್ಟೆಲ್ಲ ತೊಂದರೆಗೆ ಬದಲಾಗಿ ಅವರಿಗೇನು ಸಿಕ್ಕಿತು ಎಂದು ಕೇಳಿದರೆ ಹೇಳಲು ಉತ್ತರ ಇರಬೇಕು, ಅಲ್ವಾ?

1. ಯಾರು ಎಲ್ಲಿಗೆ ಹೋಗುತ್ತಾರೆ

ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ ಎಂಬುದನ್ನು ಟಿಕೆಟ್ ಲೆಕ್ಕದಿಂದ ತೆಗೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ಬೇರೆ ಬೇರೆ ಲೆಕ್ಕ ಇರಲಿ. ನಿಲ್ದಾಣದ ಸುತ್ತ 400 ಮೀಟರ್ ವೃತ್ತ ಎಳೆದು ‘ಇಷ್ಟು ಮನೆಗಳಿಗೆ ರೈಲು ಹತ್ತಿರ’ ಎಂದು ತೋರಿಸುವ ಸಾಫ್ಟ್‌ವೇರ್‌ಗಳನ್ನು ಮಾತ್ರ ದೂರ ಇಡಿ. ಆ ವೃತ್ತಕ್ಕೆ ಕಾಲುವೆಯಾಗಲಿ, ಹೆದ್ದಾರಿಯಾಗಲಿ, ಕಾಂಪೌಂಡ್ ಗೋಡೆಯಾಗಲಿ ಕಾಣುವುದಿಲ್ಲ. ರಸ್ತೆ ಹಿಡಿದು ನಡೆಯುವ ದೂರವನ್ನು ಲೆಕ್ಕ ಹಾಕುವಂಥದ್ದು ಬೇಕು.

2. ರೈಲಿನ ಪಕ್ಕ ಓಡುವ ಬಸ್ಸನ್ನು ಪೂರ್ತಿ ತೆಗೆಯಬೇಡಿ

ಬಸ್ ಸ್ಟಾಪ್‌ಗಳು 200–400 ಮೀಟರಿಗೊಂದು ಇರುತ್ತವೆ. ಲೈಟ್ ರೈಲಿನ ನಿಲ್ದಾಣಗಳು ಅದಕ್ಕಿಂತ ದೂರ ದೂರ, ಹಲವು ಕಡೆ 800 ಮೀಟರಿಗೊಂದು. ನಡುವೆ ಸಿಕ್ಕಿಕೊಂಡ ವಯಸ್ಸಾದವರು, ಭಾರ ಹೊತ್ತವರು ಏನು ಮಾಡಬೇಕು? ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್ ನಡುವೆ 2014ರಲ್ಲಿ ಗ್ರೀನ್ ಲೈನ್ ಎಂಬ ಲೈಟ್ ರೈಲು ಶುರುವಾದಾಗ, ಅದೇ ರಸ್ತೆಯ 50ನೇ ನಂಬರಿನ ವೇಗದ ಬಸ್ಸನ್ನು ನಿಲ್ಲಿಸಿದರು. ಎಲ್ಲ ಸ್ಟಾಪಿನಲ್ಲೂ ನಿಲ್ಲುವ 16ನೇ ನಂಬರಿನ ಟ್ರಿಪ್ ಕಡಿಮೆ ಮಾಡಿ ಉಳಿಸಿಕೊಂಡರು. ಇದು ಸರಿಯಾದ ದಾರಿ. ವೇಗದ ಕೆಲಸ ರೈಲಿಗೆ, ಮೂಲೆಮೂಲೆಯ ಕೆಲಸ ಬಸ್ಸಿಗೆ.

3. ಉಳಿದ ಬಸ್‌ಗಳನ್ನು ಅದೇ ಜನರಿಗೆ ವಾಪಸ್ ಕೊಡಿ

ಒಂದು ಬಸ್ ಬಡಾವಣೆಯಿಂದ ಊರ ನಡುವಿಗೆ ಹೋಗಲು 60 ನಿಮಿಷ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಹೋಗಿ ಬರಲು 120, ಎರಡೂ ತುದಿಯಲ್ಲಿ ಹತ್ತತ್ತು ನಿಮಿಷ ನಿಲುಗಡೆ, ಒಂದು ಸುತ್ತಿಗೆ 140 ನಿಮಿಷ. 20 ನಿಮಿಷಕ್ಕೊಂದು ಬಸ್ ಬಿಡಬೇಕಾದರೆ 7 ಬಸ್ ಬೇಕು. ಇದೇ ರೂಟನ್ನು ನಿಲ್ದಾಣದಲ್ಲಿ ನಿಲ್ಲಿಸಿದರೆ ಒಂದು ಕಡೆಗೆ 25 ನಿಮಿಷ, ರೂಟ್ ಚಿಕ್ಕದಾದ್ದರಿಂದ ತುದಿಗಳಲ್ಲಿ ಐದೈದು ನಿಮಿಷ ನಿಲುಗಡೆ ಸಾಕು, ಒಟ್ಟು ಸುತ್ತಿಗೆ 60. ಈಗ 20 ನಿಮಿಷಕ್ಕೊಂದು ಬಿಡಲು 3 ಬಸ್ ಸಾಕು.

ಉಳಿದ 4 ಬಸ್ ಸದ್ದಿಲ್ಲದೆ ಬೇರೆ ಡಿಪೋಗೆ ಹೋಗುತ್ತವೆ. ಯೋಜನೆ ಕೆಡುವುದು ಇಲ್ಲೇ. ಅವುಗಳಲ್ಲಿ 3 ಬಸ್ಸನ್ನು ಇದೇ ರೂಟಿಗೆ ಹಾಕಿ: 6 ಬಸ್, 60 ನಿಮಿಷದ ಸುತ್ತು, ಅಂದರೆ 10 ನಿಮಿಷಕ್ಕೊಂದು ಬಸ್. ಪ್ರಯಾಣಿಕರ ಕಡೆಯಿಂದ ನೋಡಿ. ಮೊದಲು ಸರಾಸರಿ 10 ನಿಮಿಷ ಕಾದು 60 ನಿಮಿಷ ಪ್ರಯಾಣ, ಒಟ್ಟು 70. ಈಗ 5 ನಿಮಿಷ ಕಾಯುವುದು, 25 ಬಸ್, 4 ನಡಿಗೆ, ರೈಲಿಗೆ 5 ನಿಮಿಷ ಕಾಯುವುದು, ರೈಲಿನಲ್ಲಿ 20, ಒಟ್ಟು 59. ಮೂರೇ ಬಸ್ ಬಿಟ್ಟರೂ 64 ಆಗುತ್ತದೆ, ಕಾಗದದ ಮೇಲೆ ಅದೂ ಲಾಭವೇ. ಆದರೆ ಒಂದು ಬಸ್ ತಪ್ಪಿದರೆ 20 ನಿಮಿಷ ಹೋಯಿತು. ಜನರ ನೆನಪಲ್ಲಿ ಉಳಿಯುವುದು ಸರಾಸರಿ ಅಲ್ಲ, ಬಸ್ ತಪ್ಪಿದ ದಿನ.

ಅಮೆರಿಕದ ಹ್ಯೂಸ್ಟನ್ ನಗರ 2015ರ ಮೇನಲ್ಲಿ ಎರಡು ಲೈಟ್ ರೈಲು ಮಾರ್ಗ ತೆರೆಯಿತು. ಆಗಸ್ಟ್‌ನಲ್ಲಿ ಇಡೀ ಬಸ್ ಜಾಲವನ್ನು ಒಂದೇ ರಾತ್ರಿಯಲ್ಲಿ ಬದಲಿಸಿತು. ಸುತ್ತಿ ಬಳಸಿ ಹೋಗುತ್ತಿದ್ದ, ಒಂದರ ಮೇಲೊಂದು ಓಡುತ್ತಿದ್ದ ರೂಟ್‌ಗಳನ್ನು ನೇರ ಮಾಡಿ, ಮುಖ್ಯ ರಸ್ತೆಗಳಲ್ಲಿ ವಾರದ ಏಳೂ ದಿನ 15 ನಿಮಿಷಕ್ಕೊಂದು ಬಸ್ ಕೊಟ್ಟಿತು.

4. ಬಸ್ಸನ್ನು ನಿಲ್ದಾಣದ ಕಡೆ ತಿರುಗಿಸಬೇಕೇ?

ನಿಲ್ದಾಣದ ಅಂಗಳಕ್ಕೆ ಹೋಗಿ ಬರಲು 4 ನಿಮಿಷ ಎಂದುಕೊಳ್ಳಿ. ಬಸ್ಸಿನಲ್ಲಿ 40 ಜನ, ಅವರಲ್ಲಿ ರೈಲಿಗೆ ಇಳಿಯುವವರು 6. ಉಳಿದ 34 ಜನರಿಂದ ತಲಾ 4 ನಿಮಿಷ ಕಿತ್ತುಕೊಂಡಂತಾಯಿತು. ಹೀಗಿದ್ದರೆ ತಿರುಗಿಸಬೇಡಿ, ಮುಖ್ಯ ರಸ್ತೆಯಲ್ಲೇ ಸ್ಟಾಪ್ ಮಾಡಿ. ಇನ್ನೊಂದು ಮಾತು: ಸಾಧ್ಯವಿರುವ ಕಡೆ ಬಸ್ಸನ್ನು ನಿಲ್ದಾಣದಲ್ಲೇ ಮುಗಿಸದೆ ರೈಲು ಮಾರ್ಗವನ್ನು ದಾಟಿಸಿ ಆಚೆ ಬಡಾವಣೆಗೂ ಒಯ್ಯಿರಿ. ರೈಲು ಹತ್ತದವರಿಗೂ ಅದು ಉಪಯೋಗಕ್ಕೆ ಬರುತ್ತದೆ.

5. ಇಳಿದು ಹತ್ತುವ ಜಾಗ ಮತ್ತು ಹೊತ್ತು

ನಿಜವಾದ ಕೆಲಸ ಇದು. ಹೆಚ್ಚಿನವರು ಇದಕ್ಕೆ ಕೊಡುವುದು ಕೊನೆಯ ಒಂದು ವಾರ.

ಮೊದಲು ಜಾಗ. ರೈಲಿನ ಬಾಗಿಲಿನಿಂದ ಬಸ್ಸಿನ ಬಾಗಿಲವರೆಗೆ ನಡೆದು ನೋಡಿ. ನೀವು ಬಿರುಸಾಗಿ ನಡೆದರೆ ಲೆಕ್ಕಕ್ಕಿಲ್ಲ. ಮಂಡಿನೋವಿನವರು, ಮಗು ಎತ್ತಿಕೊಂಡವರು, ಗುಂಪಿನ ಕೊನೆಯಲ್ಲಿ ಇಳಿದವರು ಎಷ್ಟು ಹೊತ್ತಿಗೆ ಮುಟ್ಟುತ್ತಾರೋ ಅದೇ ಲೆಕ್ಕ. ಲೈಟ್ ರೈಲು ಹಲವು ಕಡೆ ರಸ್ತೆಯ ನಡುವೆ ಓಡುತ್ತದೆ. ಪ್ಲಾಟ್‌ಫಾರ್ಮಿನಿಂದ ಅರ್ಧ ರಸ್ತೆ ದಾಟಿ, ಅಡ್ಡರಸ್ತೆಯನ್ನೂ ದಾಟಿದರೆ ಬಸ್ ಸ್ಟಾಪ್. ಅಂದರೆ ಎರಡು ಸಿಗ್ನಲ್. ಒಂದೊಂದರಲ್ಲೂ ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕಾದೀತು, ಅಷ್ಟರಲ್ಲಿ ಬಸ್ ಕಣ್ಣೆದುರೇ ಹೊರಟುಹೋಗುತ್ತದೆ. ಅದಕ್ಕೇ ನನ್ನ ಪ್ರಕಾರ ಒಂದಕ್ಕಿಂತ ಹೆಚ್ಚು ಸಿಗ್ನಲ್ ದಾಟಿಸುವ ಸ್ಟಾಪನ್ನು ಒಪ್ಪಲೇಬಾರದು. ಅಮೆರಿಕದ ಸಿಯಾಟಲ್‌ನಲ್ಲಿ 2016ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯದ ಸ್ಟೇಡಿಯಂ ಪಕ್ಕ ಹೊಸ ನಿಲ್ದಾಣ ತೆರೆದು, ಬಸ್‌ಗಳನ್ನು ಅದಕ್ಕೆ ಹೊಂದಿಸಿದಾಗ ಜನ ದೂರಿದ್ದು ರೈಲನ್ನಲ್ಲ, ಬಸ್ಸಿಗೂ ನಿಲ್ದಾಣಕ್ಕೂ ನಡುವಿನ ನಡಿಗೆಯನ್ನು.

ಇನ್ನು ಹೊತ್ತು. ಬಸ್, ರೈಲು ಎರಡೂ 10 ನಿಮಿಷಕ್ಕೊಂದು ಅಥವಾ ಅದಕ್ಕಿಂತ ಬೇಗ ಬರುವುದಾದರೆ ವೇಳೆ ಹೊಂದಿಸಲು ತಲೆ ಕೆಡಿಸಿಕೊಳ್ಳಬೇಡಿ. ಒಂದು ತಪ್ಪಿದರೆ ಇನ್ನೊಂದು. ಬಸ್ 15 ನಿಮಿಷಕ್ಕೊಂದು ಅಥವಾ ಅದಕ್ಕಿಂತ ತಡವಾಗಿ ಬರುವ ಕಡೆ ಮಾತ್ರ ಹೊಂದಿಸಲೇಬೇಕು.

ಅಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ರೈಲು 10 ನಿಮಿಷಕ್ಕೊಂದು, ಬಸ್ 15 ನಿಮಿಷಕ್ಕೊಂದು ಎಂದು ಇಡುತ್ತಾರೆ. ಕೇಳಲು ಚೆನ್ನಾಗಿದೆ. ಈಗ ಬರೆದು ನೋಡಿ. ರೈಲು 6:00, 6:10, 6:20ಕ್ಕೆ ಬರುತ್ತದೆ. ಬಸ್ 6:04, 6:19, 6:34ಕ್ಕೆ ಹೊರಡುತ್ತದೆ. ಮೊದಲ ರೈಲಿನವರಿಗೆ 4 ನಿಮಿಷ, ಎರಡನೆಯವರಿಗೆ 9, ಮೂರನೆಯವರಿಗೆ 14. 6:30ರ ರೈಲಿಗೆ ಮತ್ತೆ 4. ಯಾವ ರೈಲು ಹತ್ತಿದರೆ ಬಸ್ ಸಿಗುತ್ತದೆ ಎಂದು ಯಾರಿಗೂ ನೆನಪಿರುವುದಿಲ್ಲ. ಬಸ್ಸಿನ ಅಂತರ ರೈಲಿನ ಅಂತರದಷ್ಟೇ ಇರಬೇಕು, ಇಲ್ಲವೇ ಅದರ ಎರಡರಷ್ಟೋ ಮೂರರಷ್ಟೋ ಇರಬೇಕು. 20 ನಿಮಿಷಕ್ಕೊಂದು ಬಸ್ ಆದರೂ ಪರವಾಗಿಲ್ಲ, ‘ಒಂದು ಬಿಟ್ಟು ಒಂದು ರೈಲಿಗೆ ಬಸ್ ಉಂಟು’ ಎಂಬುದು ಎರಡೇ ದಿನಕ್ಕೆ ತಲೆಯಲ್ಲಿ ಕೂರುತ್ತದೆ. 15ರ ಬಸ್ 20ರದ್ದಕ್ಕಿಂತ ಒಳ್ಳೆಯದಲ್ಲವೇ ಎಂದು ವಾದಿಸುವವರು ಇದ್ದಾರೆ. ಬರೀ ಬಸ್ಸಿನಲ್ಲೇ ಹೋಗುವವರಿಗೆ ಹೌದು, ರೈಲಿನಿಂದ ಇಳಿದವರಿಗೆ ಅಲ್ಲ.

ನಡಿಗೆಗೆ 3 ನಿಮಿಷ ಬೇಕಾದರೆ ರೈಲು ಬಂದ 5 ನಿಮಿಷಕ್ಕೆ ಬಸ್ ಹೊರಡಲಿ. ಕಾಯುವುದು ಉಳಿಯಲಿ ಎಂದು ಸರಿಯಾಗಿ 3 ನಿಮಿಷಕ್ಕೇ ಬಿಟ್ಟರೆ ರೈಲು ಒಂದು ನಿಮಿಷ ತಡವಾದರೂ ಎಲ್ಲ ಕೆಡುತ್ತದೆ. ನಿಲುಗಡೆ ಸಮಯವನ್ನೆಲ್ಲ ‘ವ್ಯರ್ಥ’ ಎಂದು ಕತ್ತರಿಸಿ ಒಂದು ಬಸ್ ಉಳಿಸಿಕೊಡುವ ವೇಳಾಪಟ್ಟಿ ಸಾಫ್ಟ್‌ವೇರ್‌ಗಳಿವೆ. ಆ ಉಳಿತಾಯ ಬೇಡವೇ ಬೇಡ.

ಎರಡೂ ದಿಕ್ಕಿನ ರೈಲಿಗೆ ಒಂದೇ ಬಸ್ ಹೊಂದಬೇಕಾದರೆ ಎರಡು ರೈಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಿಲ್ದಾಣಕ್ಕೆ ಬರಬೇಕು. 20 ನಿಮಿಷಕ್ಕೊಂದು ರೈಲಾದರೆ ಎದುರುಬದುರು ರೈಲುಗಳು ಸೇರುವುದು 10 ನಿಮಿಷ ಓಡುವಷ್ಟು ದೂರಕ್ಕೊಮ್ಮೆ. ಅಂಥ ನಿಲ್ದಾಣ ಯಾವುದು ಎಂದು ಮೊದಲೇ ಹುಡುಕಿ, ಅಪರೂಪಕ್ಕೆ ಬರುವ ಬಸ್‌ಗಳನ್ನು ಅಲ್ಲಿಗೇ ತನ್ನಿ. ಬೇರೆ ಕಡೆ ಜನ ಜಾಸ್ತಿ ಇರುವ ದಿಕ್ಕನ್ನು ಆರಿಸಿಕೊಳ್ಳಿ: ಬೆಳಿಗ್ಗೆ ರೈಲಿಗಿಂತ ಮುಂಚೆ ಬಸ್ ಬರಬೇಕು, ಸಂಜೆ ರೈಲು ಬಂದ ಮೇಲೆ ಬಸ್ ಹೊರಡಬೇಕು.

ತಡವಾದ ರೈಲಿಗೆ ಬಸ್ ಕಾಯಬೇಕೇ? ರೂಟ್ ಅಲ್ಲಿಂದಲೇ ಶುರುವಾಗುವುದಾದರೆ 3 ನಿಮಿಷದವರೆಗೆ ಕಾಯಲಿ. ನಡುದಾರಿಯ ಸ್ಟಾಪಾದರೆ ಬೇಡ, ಒಳಗೆ ಕೂತವರ ಹೊತ್ತು ಹೋಗುತ್ತದೆ. ರಾತ್ರಿಯ ಕೊನೆಯ ಬಸ್ ಮಾತ್ರ ಕೊನೆಯ ರೈಲು ಬರುವವರೆಗೆ ಜಪ್ಪಯ್ಯ ಎಂದರೂ ಹೊರಡಬಾರದು. ಇದನ್ನು ಬರೀ ಸುತ್ತೋಲೆಯಲ್ಲಿ ಬರೆದರೆ ಆಗದು. ರೈಲು ಬರುತ್ತಿದೆ ಎಂದು ತೋರಿಸುವ ಒಂದು ದೀಪವೋ ಬೋರ್ಡೋ ಡ್ರೈವರ್ ಸೀಟಿನಿಂದ ಕಾಣುವಂತೆ ಇರಬೇಕು. ಮೆಟ್ಟಿಲ ಹತ್ತಿರ ಬಂದು ಇಣುಕಿ ನೋಡಿ ಎಂದರೆ ಯಾರೂ ಮಾಡುವುದಿಲ್ಲ.

6. ಟಿಕೆಟ್

ಒಂದೇ ಟಿಕೆಟ್. ಬಸ್ಸಿಗೆ ಬೇರೆ, ರೈಲಿಗೆ ಬೇರೆ ದುಡ್ಡು ಕೇಳಿದರೆ ಮೇಲಿನದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸಿಯಾಟಲ್‌ನ ಓರ್ಕಾ ಎಂಬ ಟಿಕೆಟ್ ಕಾರ್ಡಿನಲ್ಲಿ ಕೊಟ್ಟ ದರ 2 ಗಂಟೆಯವರೆಗೆ ಮುಂದಿನ ಬಸ್ಸಿಗೂ ರೈಲಿಗೂ ಲೆಕ್ಕಕ್ಕೆ ಬರುತ್ತದೆ.

7. ಬದಲಿಸುವ ದಿನ

ಕೆನಡಾದ ಒಟ್ಟಾವಾದಲ್ಲಿ ಕಾನ್‌ಫೆಡರೇಶನ್ ಲೈನ್ ಎಂಬ ಲೈಟ್ ರೈಲು 2019ರ ಸೆಪ್ಟೆಂಬರ್ 14ರಂದು ಶುರುವಾಯಿತು. ಮೂರು ವಾರ ಹಳೆ ಬಸ್‌ಗಳೂ ಜೊತೆಗೇ ಓಡಿದವು. ಅಕ್ಟೋಬರ್ ಮೊದಲ ವಾರ ಅವನ್ನು ನಿಲ್ಲಿಸಿ ಎಲ್ಲರನ್ನೂ ರೈಲಿಗೆ ಹತ್ತಿಸಿದರು. ಆಮೇಲೆ ರೈಲಿನ ಬಾಗಿಲು ಕೈಕೊಡುವುದು, ಪ್ಲಾಟ್‌ಫಾರ್ಮಿನಲ್ಲಿ ಜನ ಗಿಜಿಗುಡುವುದು ಶುರುವಾಯಿತು. ಬಸ್‌ಗಳನ್ನು ಮತ್ತೆ ರಸ್ತೆಗಿಳಿಸಬೇಕಾಯಿತು. ಆದ್ದರಿಂದ ಹಳೆ ರೂಟನ್ನು ಇಂಥ ತಾರೀಖಿಗೆ ನಿಲ್ಲಿಸುತ್ತೇವೆ ಎಂದು ಮೊದಲೇ ಸಾರಬೇಡಿ. ಬೆಳಗಿನ ಜನಸಂದಣಿಯಲ್ಲಿ ರೈಲು ಸತತ ಕೆಲವು ವಾರ ಸರಿಯಾಗಿ ಓಡಿದ ಮೇಲೆ ನಿಲ್ಲಿಸುತ್ತೇವೆ ಎನ್ನಿ. ಆಮೇಲೂ ಕೆಲವು ಬಸ್, ಡ್ರೈವರ್‌ಗಳು ಕೈಯಲ್ಲಿರಲಿ.

ಮೊಬೈಲ್ ಆ್ಯಪ್‌ಗಳಿಗೆ ಕೊಡುವ ಜಿಟಿಎಫ್‌ಎಸ್ ಮಾಹಿತಿಯಲ್ಲಿ (ಬಸ್, ರೈಲಿನ ಸ್ಟಾಪ್, ವೇಳಾಪಟ್ಟಿ ಇರುವ ಕಡತಗಳು) ಇಳಿದು ಹತ್ತಲು ಬೇಕಾದ ಕನಿಷ್ಠ ಸಮಯವನ್ನು ಸೆಕೆಂಡಿನಲ್ಲಿ ತುಂಬುವ ಜಾಗ ಇದೆ. ಸುಮ್ನೆ ಖಾಲಿ ಬಿಡಬೇಡಿ. ಬಿಟ್ಟರೆ ಆ್ಯಪ್ ಒಂದು ನಿಮಿಷದಲ್ಲಿ ಬಸ್ ಹಿಡಿಯಿರಿ ಎಂದೀತು. ನೀವು ನಡೆದು ಅಳೆದದ್ದು 4 ನಿಮಿಷವಾದರೆ 240 ಎಂದು ತುಂಬಿ. ಸ್ಟಾಪಿನ ಜಾಗ ಒಂದಿಷ್ಟು ಸರಿದರೂ ಮತ್ತೆ ನಡೆದು ಅಳೆಯಿರಿ.