ಕ್ಯಾಶುವಲ್ಟಿಯ ಕಂಪ್ಯೂಟರ್ ದಾಖಲೆ: ನರ್ಸುಗಳ ನಡುವಿನ ತಕರಾರನ್ನು ಬಗೆಹರಿಸಿಕೊಳ್ಳುವ ಕ್ರಮ

ಕೇರಳದ ಹಲವು ಸರಕಾರಿ ಆಸ್ಪತ್ರೆಗಳಿಗೆ ರೋಗಿಯ ದಾಖಲೆಯನ್ನು ಕಂಪ್ಯೂಟರಿನಲ್ಲಿಡುವ ಇ-ಹೆಲ್ತ್ ವ್ಯವಸ್ಥೆಯೂ ಖಾಸಗಿ ಆಸ್ಪತ್ರೆಗಳಿಗೆ ಅವರವರ ಸಾಫ್ಟ್‌ವೇರುಗಳೂ ಬಂದ ಮೇಲೆ, ಕಾಸರಗೋಡಿನ ಕ್ಯಾಶುವಲ್ಟಿಗಳಲ್ಲಿ ನರ್ಸುಗಳ ನಡುವೆ ಹೊಸ ಬಗೆಯ ಮನಸ್ತಾಪವೊಂದು ಹುಟ್ಟಿಕೊಂಡಿದೆ. ಹಳಬರಿಗೆ ಟೈಪಿಂಗ್ ಬಾರದು, ಹೊಸಬರಿಗೆ ರೋಗಿಯ ಮುಖ ನೋಡಲು ಪುರುಸೊತ್ತಿಲ್ಲ ಎಂದು ಇದನ್ನು ತಲೆಮಾರಿನ ಜಗಳವಾಗಿ ಕಂಡು ಬದಿಗೆ ಸರಿಸುವುದು ಸುಲಭ. ನಾನು ಕಂಡ ತಕರಾರುಗಳಲ್ಲಿ ಹೆಚ್ಚಿನವು ಮಾತ್ರ ಎರಡೇ ಪ್ರಶ್ನೆಗಳಿಗೆ ಬಂದು ನಿಂತಿವೆ: ಯಾವ ಹೊತ್ತನ್ನು ಬರೆಯಬೇಕು, ಯಾರ ಹೆಸರಿನಲ್ಲಿ ಬರೆಯಬೇಕು. ಈ ಎರಡಕ್ಕೆ ವಾರ್ಡಿನವರೆಲ್ಲ ಒಪ್ಪಿದ ಉತ್ತರವಿದ್ದರೆ ಉಳಿದ ಕಿರಿಕಿರಿಯನ್ನು ಸಹಿಸಿಕೊಂಡು ಹೋಗಬಹುದು.

ಹೊತ್ತಿನ ಪ್ರಶ್ನೆ ಎಷ್ಟು ದೊಡ್ಡದೆಂದು ನನಗೆ ಮನವರಿಕೆಯಾದದ್ದು ಒಂದು ಮಳೆಗಾಲದ ಸಂಜೆ. ಅಡಿಕೆ ತೋಟದಲ್ಲಿ ಹಾವು ಕಚ್ಚಿದವರೊಬ್ಬರನ್ನು ಕರೆತಂದಿದ್ದರು. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ತಿಳಿಯಲು ಒಣಗಿದ, ಶುಭ್ರವಾದ ಗಾಜಿನ ನಳಿಗೆಯಲ್ಲಿ ರಕ್ತ ತೆಗೆದು, ಅಲುಗಿಸದೆ 20 ನಿಮಿಷ ಇಟ್ಟು, ಆಮೇಲೆ ವಾಲಿಸಿ ನೋಡುವ ಪರೀಕ್ಷೆಯಿದೆ. ನಾನು 7.10ಕ್ಕೆ ರಕ್ತ ತೆಗೆದು, ನಳಿಗೆಗೆ ಸುತ್ತಿದ ಪ್ಲಾಸ್ಟರಿನ ಮೇಲೆ ಪೆನ್ನಿನಲ್ಲಿ ಹೊತ್ತು ಬರೆದೆ. ಕಂಪ್ಯೂಟರಿನ ಬಳಿ ಹೋಗಲು ಸಾಧ್ಯವಾದದ್ದು 7.25ಕ್ಕೆ, ಆಗ ಸಾಫ್ಟ್‌ವೇರ್ ತಾನಾಗಿ 7.25 ಎಂದೇ ಹಾಕಿಕೊಂಡಿತು. ಡ್ಯೂಟಿ ಬದಲಾಗಿ ಬಂದ ಕಿರಿಯ ಸಿಸ್ಟರ್ ಪರದೆಯನ್ನು ನಂಬಿ 7.45ಕ್ಕೆ ನಳಿಗೆ ವಾಲಿಸಿದಳು. ರಕ್ತ ನೀರಿನ ಹಾಗೆ ಹರಿಯಿತು, ಅಂದರೆ ಹೆಪ್ಪುಗಟ್ಟಿರಲಿಲ್ಲ, ವಿಷ ಏರಿತ್ತು. ವಿಷನಿರೋಧಕ ಇಂಜೆಕ್ಷನ್ 15 ನಿಮಿಷ ತಡವಾಯಿತು. ರೋಗಿ ಉಳಿದರು, ಆದರೆ ನಮ್ಮಿಬ್ಬರ ನಡುವೆ ಮಾತು ನಿಂತಿತು: ತಡವಾಗಿ ಬರೆದದ್ದು ನನ್ನ ತಪ್ಪೆಂದು ಅವಳು, ಪ್ಲಾಸ್ಟರ್ ನೋಡದ್ದು ಅವಳ ತಪ್ಪೆಂದು ನಾನು. ನಿಜವಾಗಿ ನೋಡಿದರೆ ಇಬ್ಬರೂ ದುಡಿದಿದ್ದೆವು. ಮಾಡಿದ ಹೊತ್ತು ಬೇರೆ, ಬರೆದ ಹೊತ್ತು ಬೇರೆ ಎಂಬುದನ್ನು ದಾಖಲೆ ಹೇಳಿರಲಿಲ್ಲ, ಅಷ್ಟೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಈ ಎರಡು ಹೊತ್ತುಗಳನ್ನು ಬೇರ್ಪಡಿಸುವುದು. ಸಾಫ್ಟ್‌ವೇರಿನಲ್ಲಿ ಕೆಲಸ ನಡೆದ ಸಮಯಕ್ಕೆ ಪ್ರತ್ಯೇಕ ಅಂಕಣವಿದ್ದರೆ ಅದನ್ನು ತಪ್ಪದೆ ತುಂಬಬೇಕು. ಇಲ್ಲದಿದ್ದರೆ ಟಿಪ್ಪಣಿಯ ಮೊದಲ ಪದಗಳಲ್ಲೇ ‘7.10ಕ್ಕೆ ಮಾಡಿದ್ದು, ತಡವಾದ ನಮೂದು’ ಎಂಬರ್ಥದ ಮಾತು ಬರಬೇಕು. ತಡವಾಗಿ ಬರೆಯುವುದು ಅಪರಾಧವಲ್ಲ, ತಡವಾದದ್ದನ್ನು ಮುಚ್ಚಿಡುವುದು ಅಪರಾಧ ಎಂದು ಹಿರಿಯರು ಕಿರಿಯರಿಗೆ ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಬೈಗುಳದ ಭಯವಿರುವಲ್ಲಿ ಎಲ್ಲ ನಮೂದುಗಳೂ ಸರಿಯಾದ ಹೊತ್ತಿಗೇ ಆದಂತೆ ಕಾಣುತ್ತವೆ. ಗೋಡೆಯ ಗಡಿಯಾರ, ರೋಗಿಯ ನಾಡಿ-ಬಿ.ಪಿ. ತೋರಿಸುವ ಮಾನಿಟರ್, ಇ.ಸಿ.ಜಿ. ಯಂತ್ರ, ಕಂಪ್ಯೂಟರ್ ಇವು ನಾಲ್ಕೂ ಒಂದೇ ಹೊತ್ತು ತೋರಿಸುತ್ತಿವೆಯೇ ಎಂದು ಬೆಳಗಿನ ಡ್ಯೂಟಿಯವರು ದಿನಕ್ಕೊಮ್ಮೆ ನೋಡುವುದೂ ಅಗತ್ಯ. ಎಷ್ಟೋ ಜಗಳಗಳ ಮೂಲ ಆರು ನಿಮಿಷ ಮುಂದೆ ಓಡುವ ಒಂದು ಮಾನಿಟರ್ ಆಗಿರುತ್ತದೆ.

ಯಾವುದನ್ನು ಕೂಡಲೇ ಬರೆಯಬೇಕು, ಯಾವುದು ಕಾಯಬಹುದು ಎಂಬುದನ್ನು ರೋಗಿಯ ಮುಂದೆ ಚರ್ಚಿಸಬಾರದು, ಮೊದಲೇ ನಿಶ್ಚಯಿಸಿಕೊಳ್ಳಬೇಕು. ನಮ್ಮಲ್ಲಿ ಟ್ರಯಾಜಿನ ಬಣ್ಣ (ಯಾರನ್ನು ಮೊದಲು ನೋಡಬೇಕೆಂಬ ತುರ್ತಿನ ಗುರುತು), ಬಿ.ಪಿ., ನಾಡಿ, ಉಸಿರು, ಆಮ್ಲಜನಕದ ಮಟ್ಟ, ಅಲರ್ಜಿ, ಕೊಟ್ಟ ಮದ್ದು ಇಷ್ಟು ತಕ್ಷಣದವು. ಎದೆನೋವಿನವರಿಗೆ ಬಂದ 10 ನಿಮಿಷದೊಳಗೆ ಇ.ಸಿ.ಜಿ. ಆಗಬೇಕೆಂಬ ನಿಯಮವಿರುವುದರಿಂದ ಅದರ ಹೊತ್ತೂ ಈ ಪಟ್ಟಿಯಲ್ಲಿದೆ. ವಿಳಾಸ, ಹಳೆಯ ಕಾಯಿಲೆಗಳ ವಿವರ, ಬಟ್ಟೆಬರೆಯ ಲೆಕ್ಕ ಇತ್ಯಾದಿ ಕಾಯಬಹುದು. ಹೃದಯ ನಿಂತವರಿಗೆ ಎದೆ ಒತ್ತುತ್ತಿರುವಾಗ ಒಬ್ಬರು ಬರೆಯುವುದಕ್ಕೇ ನಿಲ್ಲಬೇಕು; ಅಡ್ರಿನಲಿನ್ ಮದ್ದು ಕೊಡುವುದು 3ರಿಂದ 5 ನಿಮಿಷಕ್ಕೊಮ್ಮೆ, ಹೃದಯದ ಲಯ ನೋಡುವುದು 2 ನಿಮಿಷಕ್ಕೊಮ್ಮೆ ಆದ್ದರಿಂದ ಆ ವ್ಯಕ್ತಿ ಸುಮ್ಮನೆ ನಿಂತಿದ್ದಾಳೆಂದು ಬೇರೆ ಕೆಲಸಕ್ಕೆ ಕರೆದರೆ ಲೆಕ್ಕವೇ ತಪ್ಪುತ್ತದೆ.

ಹೆಸರಿನ ಪ್ರಶ್ನೆಯಲ್ಲಿ ನಾನು ರಾಜಿಗೆ ಸಿದ್ಧಳಿಲ್ಲ. ಒಬ್ಬರ ಲಾಗಿನ್‌ನಲ್ಲಿ ಮತ್ತೊಬ್ಬರು ಬರೆಯುವುದು ಅವಸರದಲ್ಲಿ ಉಪಕಾರವೆನಿಸಿದರೂ, ಯಾರು ಯಾವಾಗ ಏನು ತಿದ್ದಿದರೆಂಬ ಜಾಡು ಸಾಫ್ಟ್‌ವೇರಿನ ಒಳಗೆ ಉಳಿಯುತ್ತದೆ, ಅದು ತೋರಿಸುವುದು ಲಾಗಿನ್ ಆದವರನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಕಂಪ್ಯೂಟರ್ ದಾಖಲೆಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ಕ್ರಮವನ್ನು ಹೇಳುತ್ತದೆ. ಅಪಘಾತ, ಹೊಡೆದಾಟ, ವಿಷಸೇವನೆಯ ಪ್ರಕರಣಗಳಲ್ಲಿ ನಿಮ್ಮ ಹೆಸರಿನ ನಮೂದಿಗೆ ನೀವೇ ಉತ್ತರಿಸಬೇಕಾದೀತು. ಹಿರಿಯರು ಪಾಸ್‌ವರ್ಡ್ ಕೇಳಿದರೆ ಒರಟಾಗಿ ನಿರಾಕರಿಸಬೇಕಿಲ್ಲ. ‘ಅಕ್ಕ, ನೀವೇ ಲಾಗಿನ್ ಆಗಿ, ನೀವು ಹೇಳಿದ ಹಾಗೆ ನಾನು ಟೈಪ್ ಮಾಡಿಕೊಡುತ್ತೇನೆ, ಸೇವ್ ಮಾಡುವ ಮೊದಲು ನೀವೊಮ್ಮೆ ಓದಿ’ ಎಂದರೆ ಮರ್ಯಾದೆಯೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಮಲಯಾಳಿ ಚೇಚಿಯರೊಡನೆಯೂ (ಅಕ್ಕಂದಿರೊಡನೆಯೂ) ಇದೇ ಮಾತು ನಡೆಯುತ್ತದೆ. ಹಿಂದಿನ ನಮೂದನ್ನು ಹಾಗೆಯೇ ನಕಲಿಸುವ ಅಭ್ಯಾಸವೂ ಬೇಡ. ತೂಕಡಿಸುತ್ತಿರುವ ರೋಗಿಯ ಪ್ರಜ್ಞೆಯ ಅಂಕ ಪರದೆಯಲ್ಲಿ 15ರಲ್ಲಿ 15, ಅಂದರೆ ಪೂರ್ಣ ಎಚ್ಚರ ಎಂದೇ ಮುಂದುವರಿದದ್ದನ್ನು ನಾನು ಕಂಡಿದ್ದೇನೆ.

ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ. ರೋಗಿ ತುಳುವಿನಲ್ಲಿ ‘ತಿಗಲೆ ಬೇನೆ’ (ಎದೆನೋವು) ಎನ್ನುತ್ತಾರೆ. ಮಲಯಾಳದವರು ‘ನೆಂಜುವೇದನ’ ಎಂದರೆ ಎದೆನೋವು, ‘ನೆಂಜೆರಿಚ್ಚಿಲ್’ ಎಂದರೆ ಎದೆಯುರಿ. ಪರದೆಯಲ್ಲಿ ಆರಿಸಲು ಇರುವುದು ಇಂಗ್ಲಿಷ್ ಪದಗಳ ಪಟ್ಟಿ. ಒಬ್ಬರು ನೋವೆಂದು, ಮತ್ತೊಬ್ಬರು ಉರಿಯೆಂದು ಆರಿಸಿ ವಾದಿಸುವ ಬದಲು, ರೋಗಿಯಾಡಿದ ಪದವನ್ನೇ ಟಿಪ್ಪಣಿಯಲ್ಲಿ ಬರೆದು ಎಲ್ಲಿ ಕೈಯಿಟ್ಟು ತೋರಿಸಿದರೆಂದು ಸೇರಿಸಿದರೆ ವೈದ್ಯರು ನಿರ್ಧರಿಸಿಕೊಳ್ಳುತ್ತಾರೆ. ರಾಜ್ಯದ ಗಡಿಯಾದ ತಲಪಾಡಿ ದಾಟಿ ಮಂಗಳೂರಿಗೆ ಕಳಿಸುವವರ ಜೊತೆ ಮುದ್ರಿತ ಪ್ರತಿ ಹೋಗಲೇಬೇಕು. ನಮ್ಮ ಪರದೆಯಲ್ಲಿರುವುದು ಆ ಕಡೆಯ ಪರದೆಯಲ್ಲಿ ತಾನಾಗಿ ಮೂಡುವುದಿಲ್ಲ.

ಜಗಳ ಆಗಿಯೇ ಹೋದರೆ ಹಾಸಿಗೆಯ ಬಳಿಯಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಮುಂದುವರಿಸದೆ, ಅದೇ ಡ್ಯೂಟಿ ಮುಗಿಯುವ ಮುನ್ನ ಇಬ್ಬರೂ ಕುಳಿತು ದಾಖಲೆಯನ್ನು ತೆರೆದು ಸಾಲುಸಾಲಾಗಿ ನೋಡಬೇಕು. ಅಲ್ಲಿಯೂ ಇತ್ಯರ್ಥವಾಗದಿದ್ದರೆ ಹೆಡ್ ನರ್ಸ್. ಎಂಟು ಹಾಸಿಗೆಗೆ ಒಂದೇ ಕಂಪ್ಯೂಟರ್ ಇರುವಂತಹ ಕಾರಣ ಮಾತಿನಿಂದ ಸರಿಹೋಗದು. ಎರಡು ವಾರ ಯಾವ ಹೊತ್ತಿಗೆ ಎಷ್ಟು ನಿಮಿಷ ಕಾಯಬೇಕಾಯಿತೆಂದು ಬರೆದಿಟ್ಟು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಕೊಡುವುದೇ ಅದಕ್ಕೆ ದಾರಿ.

ಕರೆಂಟು ಹೋದಾಗ ಅಥವಾ ಸರ್ವರ್ ನಿಂತಾಗ ಕಾಗದದಲ್ಲಿ ಬರೆದದ್ದನ್ನು ಆಮೇಲೆ ಯಾರು ಕಂಪ್ಯೂಟರಿಗೆ ಏರಿಸಬೇಕೆಂಬ ವಿಚಾರಕ್ಕೆ ರಾತ್ರಿ ಡ್ಯೂಟಿಯವರಿಗೂ ಬೆಳಗಿನವರಿಗೂ ನಮ್ಮಲ್ಲಿ ತಿಂಗಳುಗಟ್ಟಲೆ ಜಟಾಪಟಿ ನಡೆದಿತ್ತು. ಈಗಿನ ಒಪ್ಪಂದ ಇಷ್ಟು: ಮದ್ದಿನ ಸಾಲುಗಳನ್ನು ಕೊಟ್ಟವರೇ ಏರಿಸಿ ಮನೆಗೆ ಹೋಗುವುದು, ಉಳಿದದ್ದರ ಕಾಗದವನ್ನು ಸ್ಕ್ಯಾನ್ ಮಾಡಿ ಸೇರಿಸುವುದು, ಮೂಲ ಕಾಗದವನ್ನು ಹರಿಯದೆ ಫೈಲಿನಲ್ಲಿಡುವುದು.